ಖಾಂಡವದ ಕಥೆ: ಸುಟ್ಟವರದ್ದೋ, ಸುಟ್ಟುಹೋದವರದ್ದೋ?

ಮಹಾಭಾರತದ ಆದಿಪರ್ವದಲ್ಲಿ, ಪಾಂಡವ ಕೌರವರ ಜನನದ ಪ್ರಸ್ತಾಪಕ್ಕೆ ಬಹಳ ಮೊದಲೇ, ಪೆಟ್ಟು ತಿಂದ ನಾಯಿಯೊಂದು ಅಳುತ್ತಾ ತಾಯಿಯ ಬಳಿಗೆ ಓಡುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯನ ಯಜ್ಞ ನಡೆಯುತ್ತಿದೆ. ಅಲ್ಲಿಗೆ ಹೋದ ಆ ನಾಯಿಯನ್ನು ರಾಜನ ತಮ್ಮಂದಿರು ಹೊಡೆದು ಅಟ್ಟಿದ್ದಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಅದರತ್ತ ನೋಡಿರಲೂ ಇಲ್ಲ. ದೇವಶುನಿಯಾದ ತಾಯಿ ಸರಮೆ ಯಜ್ಞಶಾಲೆಗೇ ಬಂದು, ತಪ್ಪು ಮಾಡದ ಮಗನನ್ನು ಹೊಡೆದುದೇಕೆಂದು ಕೇಳುತ್ತಾಳೆ. ಯಾರೂ ಉತ್ತರಿಸುವುದಿಲ್ಲ. ಕಾಣದ ಭಯವೊಂದು ನಿಮ್ಮ ಮೇಲೆ ಬರಲಿ ಎಂದು ಶಪಿಸಿ ಅವಳು ಹೊರಟುಹೋಗುತ್ತಾಳೆ. ಆ ಮಹಾಕಾವ್ಯದ ಕೊನೆಯ ಭಾಗದಲ್ಲಿ, ಸ್ವರ್ಗದ ಬಾಗಿಲಲ್ಲಿ ನಿಂತ ಧರ್ಮರಾಯನು ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಒಳಗೆ ಬರಲಾರೆನೆನ್ನುತ್ತಾನೆ. ಎರಡನೆಯ ನಾಯಿ ಮಕ್ಕಳಿಗೆ ಚೆನ್ನಾಗಿ ಗೊತ್ತು. ಅದು ಧರ್ಮರಾಯನ ದೊಡ್ಡತನವನ್ನು ತೋರಿಸುತ್ತದೆ. ಮೊದಲನೆಯದು ಗೊತ್ತಿಲ್ಲ, ಏಕೆಂದರೆ ಅದು ರಾಜಮನೆತನದ ಸಣ್ಣತನವನ್ನು ತೋರಿಸುತ್ತದೆ.

ಮಕ್ಕಳಿಗಾಗಿ ಪುರಾಣಗಳನ್ನು ಸಂಕ್ಷೇಪಿಸುವವರ ಕತ್ತರಿ ಎಲ್ಲಿ ಹರಿಯುತ್ತದೆ ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು. ಪುರಾಣಕಥೆಗಳನ್ನು ಪ್ರಾಣಿಗಳ ಕಡೆಯಿಂದ ಹೇಳೋಣವೆಂದು ಶಾಲೆಯಲ್ಲೋ ಬೇಸಿಗೆ ಶಿಬಿರದಲ್ಲೋ ಯಾರಾದರೂ ಹೊರಟರೆ ಎರಡು ಆಕ್ಷೇಪಗಳು ಒಡನೆಯೇ ಎದುರಾಗುತ್ತವೆ. ಇದು ಪವಿತ್ರ ಗ್ರಂಥಕ್ಕೆ ಅಪಚಾರ ಎಂಬುದು ಒಂದು. ಇದು ಪರಿಸರವಾದಿಗಳು ಹೊರಗಿನಿಂದ ತಂದ ಹೊಸ ಚಾಳಿ ಎಂಬುದು ಇನ್ನೊಂದು. ಈ ಎರಡೂ ಮಾತುಗಳನ್ನು ಆಡುವವರು ಮೂಲವನ್ನು ಓದಿಲ್ಲ, ಅಥವಾ ಓದಿ ಮರೆತಿದ್ದಾರೆ. ಪ್ರಾಣಿಗಳ ಬಾಯಿಗೆ ಹೊಸದಾಗಿ ಮಾತು ಕೊಡಬೇಕಾಗಿಲ್ಲ. ಆ ಮಾತು ಗ್ರಂಥಗಳಲ್ಲಿಯೇ ಇದೆ. ಅದನ್ನು ಕಿತ್ತುಕೊಂಡವರು ಮಕ್ಕಳ ಆವೃತ್ತಿಗಳನ್ನು ಸಿದ್ಧಪಡಿಸಿದವರು. ಕಿತ್ತುಕೊಂಡದ್ದನ್ನು ಹಿಂದಿರುಗಿಸಿ ಎಂಬುದಷ್ಟೇ ಇಲ್ಲಿನ ವಾದ.

ಅಗ್ನಿಯ ಅಜೀರ್ಣ

ಖಾಂಡವದಹನವನ್ನೇ ತೆಗೆದುಕೊಳ್ಳಬಹುದು. ಮಕ್ಕಳಿಗೆ ಈ ಕಥೆ ತಲುಪುವುದು ಅರ್ಜುನನಿಗೆ ಗಾಂಡೀವ ದೊರೆತ ಸಂದರ್ಭವಾಗಿ, ಇಲ್ಲವೇ ಮಯನು ಸಭಾಭವನ ಕಟ್ಟಿಕೊಟ್ಟ ಕಾರಣವಾಗಿ. ಕಾಡು ಉರಿದದ್ದು ಒಂದು ವಾಕ್ಯದಲ್ಲಿ ಮುಗಿಯುತ್ತದೆ.

ಮೂಲಕಥೆ ಒಂದು ರೋಗದಿಂದ ಆರಂಭವಾಗುತ್ತದೆ. ಶ್ವೇತಕಿಯೆಂಬ ರಾಜನ ಯಾಗದಲ್ಲಿ ಹನ್ನೆರಡು ವರ್ಷ ಎಡೆಬಿಡದೆ ತುಪ್ಪ ಕುಡಿದ ಅಗ್ನಿಗೆ ಅಜೀರ್ಣವಾಗುತ್ತದೆ. ಖಾಂಡವ ವನದ ಜೀವಿಗಳ ಕೊಬ್ಬೇ ಅದಕ್ಕೆ ಮದ್ದು ಎಂದು ಸೂಚನೆ ದೊರೆಯುತ್ತದೆ. ಅತಿಭೋಗದಿಂದ ಬಂದ ರೋಗಕ್ಕೆ ಇನ್ನೊಂದು ಭೋಗವೇ ಚಿಕಿತ್ಸೆ! ವಿದ್ಯುತ್ತಿನ ಹಸಿವಿಗೆ ಕಣಿವೆಯನ್ನೂ, ಉಕ್ಕಿನ ಹಸಿವಿಗೆ ಬೆಟ್ಟವನ್ನೂ, ಪ್ರವಾಸದ ಹಸಿವಿಗೆ ಶೋಲಾ ಹುಲ್ಲುಗಾವಲನ್ನೂ ಕೊಟ್ಟು ಬಂದ ಮಲೆನಾಡಿಗೆ ಈ ವೈದ್ಯ ಹೊಸದೇನಲ್ಲ. ಪ್ರಚಲಿತ ಪಾಠದ ಪ್ರಕಾರ ಅಗ್ನಿ ಏಳು ಬಾರಿ ಹೊತ್ತಿಕೊಳ್ಳುತ್ತಾನೆ. ಏಳು ಬಾರಿಯೂ ಕಾಡಿನವರೇ ಅವನನ್ನು ಆರಿಸುತ್ತಾರೆ. ಆನೆಗಳು ಸೊಂಡಿಲಲ್ಲಿ ನೀರು ತಂದು ಸುರಿಯುತ್ತವೆ, ಹಾವುಗಳು ಹೆಡೆಗಳಿಂದ ನೀರು ಎರಚುತ್ತವೆ. ಲೋಕದ ಕಥೆಗಳಲ್ಲಿ ಕಾಡ್ಗಿಚ್ಚು ಆರಿಸಿದ ಮೊದಲ ಕಾವಲುಗಾರರ ಪಟ್ಟಿ ಮಾಡಿದರೆ ಖಾಂಡವದ ಆನೆಗಳ ಹೆಸರು ಮುಂಚೂಣಿಯಲ್ಲಿ ಬರಬೇಕು. ಅವನ್ನು ಗೆಲ್ಲಲಾಗದೆ ಅಗ್ನಿ ಕೃಷ್ಣಾರ್ಜುನರ ನೆರವು ಬೇಡುತ್ತಾನೆ. ವರುಣನಿಂದ ಗಾಂಡೀವ, ಬರಿದಾಗದ ಬತ್ತಳಿಕೆ, ರಥ ಬರುತ್ತವೆ. ಇಬ್ಬರು ವೀರರು ಕಾಡಿನ ಎರಡು ಬದಿಗಳಲ್ಲಿ ನಿಂತು, ಹೊರಗೆ ಓಡಿಬಂದ ಯಾವ ಜೀವಿಯೂ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುತ್ತಾರೆ.

ಆ ಮುಂದಿನದನ್ನು ಆದಿಪರ್ವವೇ ಮರೆಮಾಚದೆ ಹೇಳುತ್ತದೆ. ಕೊಳಗಳ ನೀರು ಕುದಿದು ಮೀನು ಆಮೆಗಳು ಸತ್ತು ತೇಲಿದವು. ಮರಿಗಳನ್ನು ತಬ್ಬಿಕೊಂಡ ತಾಯಂದಿರು ಬಿಟ್ಟು ಓಡಲಾರದೆ ಅಲ್ಲಿಯೇ ಬೆಂದರು. ಮೇಲೆ ಹಾರಿದ ಹಕ್ಕಿಗಳು ಬಾಣ ತಗುಲಿ ಮತ್ತೆ ಉರಿಯೊಳಗೇ ಬಿದ್ದವು. ತಕ್ಷಕನು ಆಗ ಕುರುಕ್ಷೇತ್ರಕ್ಕೆ ಹೋಗಿದ್ದನು. ಅವನ ಹೆಂಡತಿ ಮಗ ಅಶ್ವಸೇನನನ್ನು ನುಂಗಿಕೊಂಡು ಹಾರಲೆತ್ನಿಸಿದಳು. ಅರ್ಜುನ ಅವಳ ತಲೆ ಕತ್ತರಿಸಿದನು, ಮಗ ಮಾತ್ರ ಪಾರಾದನು. ಇಡೀ ವನದಲ್ಲಿ ಉಳಿದವರು ಆರೇ ಮಂದಿ: ಅಶ್ವಸೇನ, ಮಯ ಮತ್ತು ನಾಲ್ಕು ಶಾರ್ಙ್ಗಕ ಪಕ್ಷಿಗಳು.

ಆ ನಾಲ್ಕು ಮರಿಹಕ್ಕಿಗಳ ಕಥೆಯನ್ನು ವ್ಯಾಸಭಾರತವು ಗೂಡಿನೊಳಗಿಂದಲೇ ಹೇಳುತ್ತದೆ. ರೆಕ್ಕೆ ಬಲಿಯದ ಮರಿಗಳನ್ನು ಇಲಿಯ ಬಿಲದೊಳಗೆ ಅಡಗಿಸಿ ಮಣ್ಣು ಮುಚ್ಚುತ್ತೇನೆಂದು ತಾಯಿ ಜರಿತೆ ಹೇಳುತ್ತಾಳೆ. ಬಿಲದಲ್ಲಿ ಇಲಿಯಿದೆ, ಅದರ ಬಾಯಿಗೆ ಬೀಳುವುದಕ್ಕಿಂತ ಉರಿಯಲ್ಲಿ ಸಾಯುವುದೇ ಮೇಲು ಎನ್ನುತ್ತವೆ ಮರಿಗಳು. ಆ ಇಲಿಯನ್ನು ಗಿಡುಗ ಒಯ್ದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ತಾಯಿ ಹೇಳಿದರೂ ಅವು ನಂಬುವುದಿಲ್ಲ. ಕೊನೆಗೆ ಮಕ್ಕಳೇ ತಾಯಿಗೆ, ನೀನಾದರೂ ಹಾರಿ ಬದುಕಿಕೋ, ನಿನಗೆ ಬೇರೆ ಮಕ್ಕಳಾದಾವು ಎಂದು ಬುದ್ಧಿ ಹೇಳುತ್ತವೆ. ಇಲಿ, ಗಿಡುಗ, ಬಿಲ, ಬೆಂಕಿ ಇವುಗಳ ನಡುವೆ ಸಿಕ್ಕ ಗೂಡಿನ ಈ ಸಂಭಾಷಣೆಗಿಂತ ಮಕ್ಕಳ ಮನಸ್ಸಿಗೆ ಹತ್ತಿರವಾದದ್ದು ಆ ಪರ್ವದಲ್ಲಿ ಬೇರೇನಿದೆ? ಆದರೂ ಮಕ್ಕಳ ಭಾರತದಲ್ಲಿ ಬತ್ತಳಿಕೆಯ ವರ್ಣನೆ ಉಳಿಯುತ್ತದೆ, ಗೂಡು ಉಳಿಯುವುದಿಲ್ಲ.

ಇದು ಬರಿಯ ಕರುಣೆಯ ಪ್ರಶ್ನೆಯಲ್ಲ. ಗೂಡನ್ನು ಕಿತ್ತರೆ ಕಥೆಯ ಕಾರ್ಯಕಾರಣವೇ ಕಳಚಿಬೀಳುತ್ತದೆ. ಖಾಂಡವದಲ್ಲಿ ತಾಯಿಯನ್ನು ಕಳೆದುಕೊಂಡ ಅಶ್ವಸೇನನೇ ಕರ್ಣನ ಬಾಣವನ್ನು ಹೊಕ್ಕು ಅರ್ಜುನನ ಕಿರೀಟವನ್ನು ಹಾರಿಸುತ್ತಾನೆ. ಕಾಡು ಕಳೆದುಕೊಂಡ ತಕ್ಷಕನಿಂದಲೇ ಅರ್ಜುನನ ಮೊಮ್ಮಗ ಪರೀಕ್ಷಿತ ಸಾಯುತ್ತಾನೆ. ಅದಕ್ಕೆ ಪ್ರತೀಕಾರವಾಗಿ ಜನಮೇಜಯ ಸರ್ಪಸತ್ರ ಹೂಡುತ್ತಾನೆ. ಹಾವಿನ ಕುಲದ ತಾಯಿಗೆ ಹುಟ್ಟಿದ ಆಸ್ತೀಕ ಬಂದು ಅದನ್ನು ನಿಲ್ಲಿಸುತ್ತಾನೆ. ವೈಶಂಪಾಯನನು ಮಹಾಭಾರತವನ್ನು ಜನಮೇಜಯನಿಗೆ ಹೇಳಿದ್ದು ಆ ಸರ್ಪಸತ್ರದ ಸಂದರ್ಭದಲ್ಲಿಯೇ. ಅಂದರೆ ಒಂದು ಜೀವಜಾತಿಯ ನಿರ್ಮೂಲನ ನಡೆಯುತ್ತಿರುವಾಗ, ಆ ಹೊಗೆಯ ನಡುವೆ ಕುಳಿತು ಹೇಳಿದ ಕಥೆ ಇದು. ಇರಾವತಿ ಕರ್ವೆಯವರು 1967ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ‘ಯುಗಾಂತ’ದಲ್ಲಿ ಖಾಂಡವದಹನವನ್ನು ವೀರಗಾಥೆಯಾಗಿ ಒಪ್ಪಿಕೊಳ್ಳದೆ ಪ್ರಶ್ನಿಸಿದರು. ಆ ಕೃತಿಗೆ ಮರುವರ್ಷವೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡವರಿಗೆ ಪ್ರಶಸ್ತಿಯೋಗ್ಯವಾದ ಪ್ರಶ್ನೆ ಮಕ್ಕಳಿಗೆ ಮಾತ್ರ ಅಪಚಾರವಾಗುವುದು ಹೇಗೆ?

ಬೀಜದಷ್ಟು ಉಳಿದವರು

ವನಪರ್ವದಲ್ಲಿ ಇನ್ನೊಂದು ಪ್ರಸಂಗವಿದೆ. ಪಾಂಡವರು ದ್ವೈತವನದಲ್ಲಿ ಬೇಟೆಯಾಡಿ ಬದುಕುತ್ತಿದ್ದಾರೆ. ಒಂದು ರಾತ್ರಿ ಯುಧಿಷ್ಠಿರನ ಕನಸಿನಲ್ಲಿ ಜಿಂಕೆಗಳು ಕಣ್ಣೀರು ತುಂಬಿಕೊಂಡು, ಕೈಮುಗಿದು ನಿಲ್ಲುತ್ತವೆ. ನಿನ್ನ ತಮ್ಮಂದಿರ ಬಾಣಕ್ಕೆ ಸಿಕ್ಕಿ ಬಿತ್ತನೆಯ ಬೀಜದಷ್ಟೇ ಉಳಿದಿದ್ದೇವೆ, ಕುಲ ಬೆಳೆಯುವಂತೆ ಬೇರೆಡೆಗೆ ಹೋಗಿ ಎಂದು ಕೇಳಿಕೊಳ್ಳುತ್ತವೆ. ಬೆಳಗ್ಗೆ ಎದ್ದ ಯುಧಿಷ್ಠಿರ ತಮ್ಮಂದಿರಿಗೆ ಕನಸನ್ನು ಹೇಳುತ್ತಾನೆ. ಎಲ್ಲರೂ ಕಾಮ್ಯಕವನಕ್ಕೆ ಹೊರಡುತ್ತಾರೆ.

ಇಲ್ಲಿ ಯಾರೂ ಸನ್ಯಾಸಿಗಳಾಗುವುದಿಲ್ಲ. ಕಾಮ್ಯಕದಲ್ಲಿಯೂ ಜಿಂಕೆಗಳಿವೆ, ಬೇಟೆಯೂ ಇದೆ. ಕಥೆ ಕೇಳುವುದು ಒಂದೇ: ಬೀಜವನ್ನು ತಿನ್ನಬೇಡ. ಬರಗಾಲದಲ್ಲಿಯೂ ಬಿತ್ತನೆಯ ಭತ್ತವನ್ನು ಪ್ರತ್ಯೇಕವಾಗಿ ಕಟ್ಟಿಟ್ಟ ಮಲೆನಾಡಿನ ಮನೆಗಳಿಗೆ ಈ ನೀತಿಯನ್ನು ವಿವರಿಸಬೇಕಾಗಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಅದರ ತಿರುಳನ್ನು ಜಿಂಕೆಯ ಬಾಯಿಂದ ಹೇಳಿಸಿದ ಕಥೆ ಎಷ್ಟೋ ಶತಮಾನಗಳ ಹಿಂದಿನದು. ಅದು ಪಠ್ಯಪುಸ್ತಕಕ್ಕೆ ಬರಲು ಯಾರ ಅಪ್ಪಣೆ ಬೇಕು?

ಪ್ರಾಣಿಯ ವಾದವನ್ನು ಕೇಳಿಸಿಕೊಂಡರೆ ಭಕ್ತಿ ಕೆಡುತ್ತದೆಂದು ಅಂಜುವವರು ಒಂದು ತಾಳಮದ್ದಳೆಯ ಕೂಟಕ್ಕೆ ಹೋಗಿ ಕುಳಿತುಕೊಳ್ಳಬೇಕು. ವಾಲಿವಧೆ ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ತಾಸುಗಟ್ಟಲೆ ಪ್ರಶ್ನಿಸುತ್ತಾನೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೂ ವಾಲಿ ಕಪಿಯಾಗಿಯೇ ಮಾತನಾಡುತ್ತಾನೆ: ತನ್ನ ಚರ್ಮ, ರೋಮ, ಎಲುಬು ಸಜ್ಜನರ ಬಳಕೆಗೆ ಬಾರದು, ಮಾಂಸ ತಿನ್ನತಕ್ಕದ್ದಲ್ಲ, ಹಾಗಿರುವಾಗ ಕೊಂದದ್ದೇಕೆ? ರಾಮನು ಕೊಡುವ ಉತ್ತರಗಳಲ್ಲಿ, ನೀನು ಶಾಖಾಮೃಗ, ಮೃಗಗಳನ್ನು ಬೇಟೆಯಾಡುವುದು ರಾಜರಿಗೆ ದೋಷವಲ್ಲ ಎಂಬುದೂ ಒಂದು. ಅರ್ಥಧಾರಿ ವಾಲಿಯ ಪಕ್ಷವನ್ನು ಸಮರ್ಥವಾಗಿ ಮಂಡಿಸಿದಷ್ಟೂ ಸಭೆ ತಲೆದೂಗುತ್ತದೆ. ಅದೇ ಸಭಿಕರು ಮಂಗಳ ಹಾಡಿ ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಅವರ ಭಕ್ತಿಗೆ ಏನೂ ಆಗಿಲ್ಲ.

ಕಪಿಯ ಮಾತು ಕೇಳದಿದ್ದರೆ ಏನಾಗುತ್ತದೆಂಬುದನ್ನು ಮಲೆನಾಡು ಕಂಡಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಜ್ವರಕ್ಕೆ ಜನರ ಬಾಯಲ್ಲಿ ‘ಮಂಗನ ಕಾಯಿಲೆ’ ಎಂದೇ ಹೆಸರಾಯಿತು. ವೈರಸ್ಸನ್ನು ಮನುಷ್ಯನಿಗೆ ದಾಟಿಸುವುದು ಮುಖ್ಯವಾಗಿ ಉಣುಗು. ಮಂಗ ಮತ್ತು ಮುಸುವಗಳು ಅದೇ ರೋಗದಿಂದ ಸಾಯುವ ಬಲಿಪಶುಗಳು. ಅವುಗಳ ಸಾವೇ ಊರಿಗೆ ಮೊದಲ ಎಚ್ಚರಿಕೆ. ಎಚ್ಚರಿಸಿ ಸತ್ತವನ ತಲೆಗೇ ರೋಗದ ಹೆಸರನ್ನು ಕಟ್ಟಿದ್ದಾಯಿತು. ಇನ್ನು ಕಪಿಸೇನೆಯ ಚಿತ್ರ ಬರೆದು ಬಹುಮಾನ ಪಡೆಯುವ ಎಷ್ಟು ಮಕ್ಕಳಿಗೆ ಸಿಂಗಳೀಕದ ಪರಿಚಯವಿದೆ? ಅದರ ಹೆಸರನ್ನೇ ಹೊತ್ತ ಶರಾವತಿ ಕಣಿವೆಯ ಅಭಯಾರಣ್ಯದೊಳಗೆ 2000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಿದಾಗ, ಸೇತುವೆ ಕಟ್ಟಿಕೊಟ್ಟವರ ಋಣ ಯಾರಿಗೂ ನೆನಪಾಗಲಿಲ್ಲ.

ಪುಣ್ಯಕೋಟಿಯೂ ಹುಲಿಯೂ

ಕನ್ನಡದ ಮಕ್ಕಳೆಲ್ಲರಿಗೂ ಗೊತ್ತಿರುವ ಪುಣ್ಯಕೋಟಿಯ ಹಾಡಿನಲ್ಲಿ ಹಸು ಮಾತು ಉಳಿಸಿಕೊಳ್ಳುತ್ತದೆ, ಹುಲಿ ಪಶ್ಚಾತ್ತಾಪದಿಂದ ಸಾಯುತ್ತದೆ. ಹಸುವಿನ ಸತ್ಯಕ್ಕೆ ಯಾರ ತಕರಾರೂ ಇಲ್ಲ. ಆದರೆ ಹಸಿದ ಹುಲಿ ತನ್ನ ಆಹಾರವನ್ನು ತಿನ್ನುವುದು ಪಾಪವೆಂದೂ, ಒಳ್ಳೆಯ ಹುಲಿಯೆಂದರೆ ಸತ್ತ ಹುಲಿಯೆಂದೂ ಮಗು ಕಲಿತರೆ ಆ ಪಾಠದ ಹೊಣೆ ಯಾರದು? ಇದೇ ಕಥೆಯ ಪೌರಾಣಿಕ ರೂಪ ಪದ್ಮಪುರಾಣದಲ್ಲಿದೆ. ಅಲ್ಲಿಯ ಹುಲಿ ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡುತ್ತಿದ್ದ ಜಿಂಕೆಯನ್ನು ಹೊಡೆದ ತಪ್ಪಿಗೆ, ಆ ಜಿಂಕೆಯ ಶಾಪದಿಂದಲೇ ಹುಲಿಯಾದವನು. ಪುರಾಣದಲ್ಲಿ ಅಪರಾಧಿ ಮನುಷ್ಯ. ಆ ಭಾಗವನ್ನು ಬಿಟ್ಟರೆ ಅಪರಾಧಿಯಾಗಿ ಉಳಿಯುವುದು ಹುಲಿಯೊಂದೇ.

2025ರ ಜೂನ್ ತಿಂಗಳಿನಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹುಲಿಯನ್ನೇ ವಾಹನವಾಗಿ ಉಳ್ಳ ಮಾದಪ್ಪನ ಬೆಟ್ಟದಲ್ಲಿ ಇದು ನಡೆಯಿತು. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಕೇಳಿಕೊಂಡ ಹಸುವಿನ ಕಥೆ ನಾಡಿಗೆಲ್ಲ ಗೊತ್ತು. ಮರಿಗಳನ್ನು ಸಾಕಲು ಹೊರಟ ಹುಲಿಯ ಕಥೆಯನ್ನು ಯಾರೂ ಹೇಳಿರಲಿಲ್ಲ. ಹಸು ಕಳೆದುಕೊಳ್ಳುವ ಬಡವನ ನಷ್ಟ ನಿಜ, ಪರಿಹಾರಕ್ಕಾಗಿ ಅವನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದ ಕಷ್ಟವೂ ನಿಜ. ಒಂದು ಹಾಡಿನಿಂದ ವಿಷಪ್ರಾಶನವಾಯಿತೆಂದು ಹೇಳುವುದು ಮೂರ್ಖತನ. ಆದರೆ ಹುಲಿಗೂ ಮರಿಗಳಿರುತ್ತವೆ ಎಂಬ ಸರಳ ಸಂಗತಿ ಬಾಲ್ಯದ ಕಥೆಯಲ್ಲಿ ಇಲ್ಲದೆ ಹೋದರೆ, ಬೆಳೆದ ಮೇಲೆ ಅದನ್ನು ಕಾನೂನಿನ ಪುಸ್ತಕದಿಂದ ಕಲಿಯುವವರು ಬಹಳ ಮಂದಿ ಇರುವುದಿಲ್ಲ.

ಕಾಳಿಂಗನ ಒಕ್ಕಲೆಬ್ಬಿಸುವಿಕೆ

ಭಾಗವತದ ಕಾಳಿಯ ಯಮುನೆಯ ಮಡುವಿಗೆ ಬಂದದ್ದು ಗರುಡನ ಭಯದಿಂದ. ಅಲ್ಲಿ ಒಮ್ಮೆ ಗರುಡನು ಮೀನುಗಳ ಒಡೆಯನನ್ನು ತಿಂದಾಗ ಉಳಿದ ಮೀನುಗಳ ಸಂಕಟ ನೋಡಲಾರದೆ ಸೌಭರಿ ಮುನಿ, ಇನ್ನು ಇಲ್ಲಿ ಬಂದರೆ ಸಾಯುವೆ ಎಂದು ಗರುಡನಿಗೆ ಶಾಪ ಕೊಟ್ಟಿದ್ದನು. ಗರುಡನು ಬಾರದ ಜಾಗವಾದುದರಿಂದ ಕಾಳಿಯನಿಗೆ ಅದು ಆಶ್ರಯವಾಯಿತು. ಕೃಷ್ಣನು ಹೆಡೆಗಳನ್ನು ತುಳಿದಾಗ ನಾಗಪತ್ನಿಯರು ಮಕ್ಕಳನ್ನು ಮುಂದಿಟ್ಟುಕೊಂಡು ಬೇಡಿಕೊಳ್ಳುತ್ತಾರೆ. ಹುಟ್ಟಿನಿಂದಲೇ ಕ್ರೂರರಾದ ನಮ್ಮನ್ನು ಸೃಷ್ಟಿಸಿದವನು ನೀನೇ, ಸ್ವಭಾವವನ್ನು ಬಿಡುವುದು ಹೇಗೆ ಎಂದು ಕಾಳಿಯ ಕೇಳುತ್ತಾನೆ. ಆ ಪ್ರಶ್ನೆಯನ್ನು ಕೇಳಿದ ಕೃಷ್ಣ ಅವನನ್ನು ಕೊಲ್ಲುವುದಿಲ್ಲ. ರಮಣಕ ದ್ವೀಪಕ್ಕೆ ಹೋಗೆಂದು ಅಭಯ ಕೊಟ್ಟು ಕಳುಹಿಸುತ್ತಾನೆ. ಊರಿನ ದನಕರುಗಳಿಗೆ ನೀರು ಬೇಕು, ಹಾವಿಗೂ ನೆಲೆ ಬೇಕು. ಈ ಇಕ್ಕಟ್ಟನ್ನು ಭಾಗವತ ಬಲ್ಲದು. ಹೆಡೆಯ ಮೇಲಿನ ನರ್ತನದ ಚಿತ್ರ ಮಾತ್ರ ಬಲ್ಲ ಮಗುವಿಗೆ ಆ ಇಕ್ಕಟ್ಟು ಕಾಣುವುದಿಲ್ಲ.

ಒಮ್ಮೆ ಓಡಿಬಂದವನು ಮತ್ತೊಮ್ಮೆ ಗಂಟುಮೂಟೆ ಕಟ್ಟುವುದೆಂದರೇನೆಂದು ಮಲೆನಾಡಿಗೆ ತಿಳಿಯದೆ? ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಶರಾವತಿಯ ಕಣಿವೆಯಿಂದ ಎದ್ದುಬಂದವರ ಮೊಮ್ಮಕ್ಕಳೂ ಇಂದು ಭೂಮಿಯ ಹಕ್ಕುಪತ್ರಕ್ಕಾಗಿ ಹೋರಾಡುತ್ತಿದ್ದಾರೆ. ‘ಮುಳುಗಡೆ’ ಎಂಬ ಶಬ್ದದ ಅರ್ಥವನ್ನು ಅಜ್ಜಿಯ ಬಾಯಿಂದ ಕೇಳಿದ ಮಗು ಕಾಳಿಯನ ಹೆಂಡಿರ ಮಾತನ್ನು ತಕ್ಷಣ ಗ್ರಹಿಸುತ್ತದೆ. ಪ್ರಾಣಿಯ ಪಕ್ಷ ವಹಿಸಿದರೆ ಬಡವರ ಪಕ್ಷ ಬಿಟ್ಟಂತೆ ಎನ್ನುವವರಿಗೆ ಇದೇ ಉತ್ತರ. ನೆಲೆ ತಪ್ಪಿದವರ ನೋವಿನ ಭಾಷೆ ಎಲ್ಲ ಜೀವಿಗಳಿಗೂ ಒಂದೇ.

ಹಾಗೆಂದು ಏನನ್ನಾದರೂ ಹೇಳಬಹುದೇ?

ಹೇಳಬಾರದು. ಮಾರುಕಟ್ಟೆಯಲ್ಲಿ ಪ್ರಾಣಿಕಥೆಗಳಿಗೆ ಕೊರತೆಯಿಲ್ಲ. ಟೊಪ್ಪಿಗೆ ಹಾಕಿದ ಕರಡಿ, ಕನ್ನಡಕ ತೊಟ್ಟ ಆಮೆ, ಮುದ್ದು ಮುದ್ದಾಗಿ ಮಾತನಾಡುವ ಆನೆಮರಿ ಎಲ್ಲೆಡೆ ಕಾಣುತ್ತವೆ. ಇವು ಪ್ರಾಣಿಯ ವೇಷ ತೊಟ್ಟ ಪಟ್ಟಣದ ಮಕ್ಕಳು. ಇಂಥವುಗಳಿಂದ ಪ್ರಾಣಿಗೆ ಆಗುವ ಅನ್ಯಾಯ ಖಾಂಡವದ ಬಾಣಗಳಿಗಿಂತ ಕಡಿಮೆಯದಲ್ಲ, ಏಕೆಂದರೆ ಇಲ್ಲಿ ಪ್ರಾಣಿಯೇ ಇಲ್ಲವಾಗುತ್ತದೆ. ಪ್ರಾಣಿಯ ಪಕ್ಷದಿಂದ ಕಥೆ ಹೇಳುವವನು ಮೊದಲು ಪ್ರಾಣಿಯನ್ನು ತಿಳಿದಿರಬೇಕು. ಹಾವು ಹಾಲು ಕುಡಿಯುವ ಜೀವಿಯಲ್ಲ. ಹನ್ನೆರಡು ವರ್ಷ ದ್ವೇಷ ಇಟ್ಟುಕೊಂಡು ಬೆನ್ನಟ್ಟುವ ಶಕ್ತಿಯೂ ಅದಕ್ಕಿಲ್ಲ. ಅಶ್ವಸೇನನ ಕಥೆ ಹೇಳುವಾಗ ಇದನ್ನೂ ಹೇಳದಿದ್ದರೆ ಕಂಡ ಹಾವನ್ನೆಲ್ಲ ಕೊಲ್ಲುವ ಭಯವೇ ಬೆಳೆಯುತ್ತದೆ. ಹಾವು ಸಾಧುಪ್ರಾಣಿಯೆಂದು ಮುದ್ದಿಸುವುದೂ ಸುಳ್ಳು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂಬ ಅಂದಾಜಿದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗರು. ತೋಟಕ್ಕೆ ಹೋಗುವ ಮಗುವಿಗೆ ನಾಗಪತ್ನಿಯ ಅಳಲೂ ಬೇಕು, ಟಾರ್ಚೂ ಬೇಕು, ಕಚ್ಚಿದರೆ ಆಸ್ಪತ್ರೆಗೆ ಓಡಬೇಕೆಂಬ ತಿಳಿವಳಿಕೆಯೂ ಬೇಕು.

ಪ್ರಾಣಿಯ ಪಕ್ಷ ವಹಿಸುವ ಭರದಲ್ಲಿ ರೈತನನ್ನು ರಾಕ್ಷಸನಾಗಿಸುವುದು ಇನ್ನೊಂದು ಬಗೆಯ ಅಪ್ರಾಮಾಣಿಕತೆ. 2023ರ ಗಣತಿಯಂತೆ ಕರ್ನಾಟಕದಲ್ಲಿ ಅಂದಾಜು 6,395 ಆನೆಗಳಿವೆ. ಸಕಲೇಶಪುರ, ಆಲೂರು ಸೀಮೆಯಲ್ಲಿ ಆನೆಯ ಕಾಲಿಗೆ ಸಿಕ್ಕ ಗದ್ದೆಯೂ ಒಂದು ಕುಟುಂಬದ ಅನ್ನವೇ. ಈ ನ್ಯಾಯವನ್ನೂ ಹಳೆಯ ಕಥೆಗಳೇ ಕಲಿಸಬಲ್ಲವು. ನಿಗ್ರೋಧಮೃಗ ಜಾತಕದಲ್ಲಿ ಜಿಂಕೆಗಳ ಒಡೆಯ ಗರ್ಭಿಣಿ ಜಿಂಕೆಯೊಂದರ ಬದಲಿಗೆ ತನ್ನ ಕತ್ತನ್ನು ಒಡ್ಡಿ, ಕಾಶಿಯ ರಾಜನಿಂದ ಎಲ್ಲ ಜೀವಿಗಳಿಗೂ ಅಭಯ ಪಡೆಯುತ್ತಾನೆ. ಸಾಮಾನ್ಯವಾಗಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಮೂಲ ಮುಂದುವರಿಯುತ್ತದೆ. ಕೊಲ್ಲುವವರಿಲ್ಲದೆ ಜಿಂಕೆಗಳು ಬೆಳೆಗೆ ನುಗ್ಗುತ್ತವೆ, ರೈತರು ದೂರು ತರುತ್ತಾರೆ, ರಾಜನು ಕೊಟ್ಟ ಮಾತನ್ನು ಮುರಿಯಲಾರ. ಆಗ ಜಿಂಕೆಗಳ ಒಡೆಯನೇ ತನ್ನ ಹಿಂಡಿಗೆ ಬೆಳೆ ತಿನ್ನಬಾರದೆಂದು ಕಟ್ಟುಮಾಡಿ, ಹೊಲಕ್ಕೆ ಬೇಲಿ ಬೇಡ, ಎಲೆಗಳನ್ನು ಕಟ್ಟಿ ಗುರುತು ಮಾಡಿದರೆ ಸಾಕೆಂದು ರೈತರಿಗೆ ಹೇಳಿಕಳುಹಿಸುತ್ತಾನೆ. ಆನೆಗಳು ಎಲೆಯ ಗುರುತನ್ನು ಮನ್ನಿಸುವುದಿಲ್ಲ, ನಿಜ. ಆದರೆ ಅಭಯ ಕೊಟ್ಟಲ್ಲಿಗೆ ಕೆಲಸ ಮುಗಿಯದು, ಎರಡೂ ಕಡೆಯ ಗಡಿಯನ್ನು ಕೂತು ತೀರ್ಮಾನಿಸಬೇಕು ಎಂಬ ಎಚ್ಚರ ಆ ಕಥೆಯಲ್ಲಿದೆ. ಆನೆಹಾದಿಗೆ ಅಡ್ಡಲಾಗಿ ರೆಸಾರ್ಟಿಗೆ ಪರವಾನಗಿ ಕೊಟ್ಟು, ಆಮೇಲೆ ಆನೆಯನ್ನೂ ರೈತನನ್ನೂ ಪರಸ್ಪರ ಬಡಿದಾಡಲು ಬಿಡುವ ಆಡಳಿತಕ್ಕಿಂತ ಆ ಜಾತಕದ ಜಿಂಕೆಗೆ ಹೆಚ್ಚು ವಿವೇಕವಿತ್ತು.

ಮಕ್ಕಳಿಗೆ ಹಿಂಸೆಯ ವರ್ಣನೆ ಏಕೆ ಎನ್ನುವವರಿಗೂ ಒಂದು ಮಾತು. ಹಿಂಸೆಯನ್ನು ಮಕ್ಕಳು ಈಗಲೂ ಕೇಳುತ್ತಿದ್ದಾರೆ, ಬಾಣದ ತುದಿಯಿಂದ ಮಾತ್ರ. ಅದು ತಗುಲಿದ ಕಡೆಯಿಂದಲೂ ಕೇಳಲಿ. ಸುಮಾರು 1209ರಲ್ಲಿ ಜನ್ನನು ‘ಯಶೋಧರ ಚರಿತೆ’ಯನ್ನು ಬರೆದಾಗ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ರಾಜನನ್ನೂ ಅವನ ತಾಯಿಯನ್ನೂ ನವಿಲು ನಾಯಿಗಳಿಂದ ತೊಡಗಿ ಕೋಳಿಗಳವರೆಗೆ ಜನ್ಮಜನ್ಮಾಂತರ ಅಲೆದಾಡಿಸಿದನು. ಕೊಂದವನು ಕೊಲ್ಲಿಸಿಕೊಂಡವನ ಮೈಯಲ್ಲಿ ಬದುಕಿ ನೋಡಲಿ ಎಂಬ ವಿಚಾರ ಕನ್ನಡಕ್ಕೆ ಎಂಟುನೂರು ವರ್ಷಗಳಷ್ಟು ಹಳೆಯದು.

ಮುಂದಿನ ಬೇಸಿಗೆ ಶಿಬಿರಗಳನ್ನು ನಡೆಸುವ ಶಿಕ್ಷಕರು, ಕಥೆ ಹೇಳುವ ಹಿರಿಯರು, ಯಕ್ಷಗಾನ ಕಲಿಸುವ ಗುರುಗಳು ಹೊಸ ಪುರಾಣವನ್ನು ಬರೆಯಬೇಕಾಗಿಲ್ಲ. ಇರುವ ಪುರಾಣವನ್ನು ಪೂರ್ತಿ ಓದಿದರೆ ಸಾಕು. ಖಾಂಡವದ ಕಥೆಯನ್ನು ಜರಿತೆಯ ಗೂಡಿನಿಂದ ಹೇಳಲಿ. ದ್ವೈತವನದ ಕನಸನ್ನು ಮಕ್ಕಳೇ ಜಿಂಕೆಗಳಾಗಿ ಅಭಿನಯಿಸಲಿ. ಕಥೆ ಮುಗಿದ ಮೇಲೆ ಮಕ್ಕಳನ್ನು ಹತ್ತಿರದ ಕಾಡಿಗೋ ಹೊಳೆದಂಡೆಗೋ ಕರೆದೊಯ್ದು, ಈ ಜಾಗ ಉರಿದರೆ ಯಾರು ಹಾರಿಹೋಗಬಲ್ಲರು, ಯಾರು ಉಳಿಯುವರು ಎಂದು ಎಣಿಸಲು ಹೇಳಲಿ. ಖಾಂಡವದಲ್ಲಿ ಆ ಲೆಕ್ಕ ಆರಕ್ಕೆ ನಿಂತಿತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದಾಗ ಹಾವು, ಆಮೆ, ಮರಿಹಕ್ಕಿಗಳ ಲೆಕ್ಕವನ್ನು ಇಡುವವರೂ ಇರಲಿಲ್ಲ. ಲೆಕ್ಕ ಕೇಳುವ ಮಕ್ಕಳು ಬೆಳೆದು ಬಂದರೆ ಅದನ್ನು ಕೊಡಬೇಕಾದವರಿಗೆ ತೊಂದರೆಯಾದೀತು. ಈ ಕಥೆಗಳಿಗೆ ಇಷ್ಟು ವಿರೋಧ ಬರುವುದು ಬಹುಶಃ ಆ ಕಾರಣಕ್ಕೇ.